ಮಂಜಪ್ಪನವರ ಹೃದಯಕ್ಕೆ ಲೈನ್ ಕ್ಲಿಯರ್

ಕೋವಿಡ್ ಗಲಾಟೆ ಮುಗಿದ ಮರುವರ್ಷ. ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನಾನು ಹೃದಯ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥನಾಗಿದ್ದೆ. ಹೊಸನಗರದಲ್ಲಿ ಹುಟ್ಟಿ ತೀರ್ಥಹಳ್ಳಿಯಲ್ಲಿ ಓದಿದ ನಾನು, ನಮ್ಮ ಕಡೆಯಿಂದ ಈ ಕೆಲಸಕ್ಕೆ ಹೋದ ಮೊದಲಿಗ. ಆ ಜಂಬ ಸ್ವಲ್ಪ ಹೆಚ್ಚೇ ಇತ್ತು. ಪ್ರಶ್ನೆ ಕೇಳುವ ರೋಗಿಗಳ ಮೇಲೆ ರೇಗುವುದು ರೂಢಿಯಾಗಿಬಿಟ್ಟಿತ್ತು.

ಪ್ರತಿ ಶನಿವಾರ ಸಾಗರದಲ್ಲಿ ರೋಗಿಗಳನ್ನು ನೋಡುತ್ತಿದ್ದೆ. ಅಲ್ಲಿಗೆ ಬಂದವರು ಮಂಜಪ್ಪ, ಜೋಗದ ಪವರ್ ಹೌಸಿನಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಹೃದಯದಿಂದ ರಕ್ತ ಹೊರಹೋಗುವ ಬಾಗಿಲಾದ ಅಯೋರ್ಟಿಕ್ ವಾಲ್ವ್ ಗಟ್ಟಿಯಾಗಿ ಕಿರಿದಾಗಿತ್ತು. ನಾಲ್ಕು ಹೆಜ್ಜೆ ನಡೆದರೆ ಕಣ್ಣು ಕತ್ತಲೆ. ಹೀಗೇ ಬಿಟ್ಟರೆ ಹೆಚ್ಚು ದಿನ ಇಲ್ಲವೆಂದು ನೇರವಾಗಿ ಹೇಳಿದೆ. ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ರಕ್ತ ಓಡಿಸುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ, ಹೊಸ ವಾಲ್ವ್ ಕೂರಿಸಬೇಕು ಎಂದೆ.

“ಲೈನ್ ಕ್ಲಿಯರ್ ಯಾರು ತಗೋತಾರೆ?” ಎಂದರು.

ನನಗೆ ಅರ್ಥವಾಗಲಿಲ್ಲ. ಅವರೇ ವಿವರಿಸಿದರು. ಪವರ್ ಹೌಸಿನಲ್ಲಿ ಯಂತ್ರ ನಿಲ್ಲಿಸಿ ಕೈಹಾಕುವ ಮೊದಲು ಒಬ್ಬರು ಸಹಿ ಹಾಕಿ ಅದನ್ನು ವಹಿಸಿಕೊಳ್ಳಬೇಕು; ಅದೇ ಲೈನ್ ಕ್ಲಿಯರ್. ಕೆಲಸ ಮುಗಿದ ಮೇಲೆ ಅವರೇ ಬಂದು ಹಿಂದಿರುಗಿಸಬೇಕು, ಬೇರೆಯವರ ಕೈಯಲ್ಲಿ ಕಳಿಸುವಂತಿಲ್ಲ.

“ನಂಗಿರೋದು ಒಂದೇ ಮಷೀನು ಡಾಕ್ಟ್ರೇ. ಸಹಿ ಹಾಕಿದ್ರೆ ಮಲಗ್ತೀನಿ. ಇಲ್ದಿದ್ರೆ ಇಲ್ಲ.”

ಪತ್ನಿ ಸರೋಜಮ್ಮನ ಕಣ್ಣು ತುಂಬಿತ್ತು. “ಹಾಕ್ಬಿಡಿ ಸಾರ್. ಇವ್ರು ಹಟ ಹಿಡಿದ್ರೆ ಬ್ರಹ್ಮ ಬಂದ್ರೂ ಕೇಳಲ್ಲ” ಎಂದರು. ನನಗೆ ಪಿತ್ತ ನೆತ್ತಿಗೇರಿತು. ಆದರೂ ಔಷಧಿ ಚೀಟಿಯಲ್ಲೇ “ಮಂಜಪ್ಪನವರ ಹೃದಯವನ್ನು ಕೆಲಸಕ್ಕೆ ತೆಗೆದುಕೊಂಡಿದ್ದೇನೆ” ಎಂದು ಗೀಚಿ ಸಹಿ ಹಾಕಿದೆ. ಅವರು ಎರಡೆರಡು ಸಲ ಓದಿ, ಮಡಚಿ ಹೆಂಡತಿಯ ಕೈಗೆ ಕೊಟ್ಟರು. ಆ ಚೀಟಿಯ ಕತೆ ಎರಡೇ ದಿನದಲ್ಲಿ ಇಡೀ ಆಸ್ಪತ್ರೆಗೆ ಗೊತ್ತಾಯಿತು.

ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆ ಸರಾಗವಾಗಿ ನಡೆಯಿತು. ನಿಂತ ಹೃದಯ ಮತ್ತೆ ಬಡಿಯತೊಡಗಿತು. ಎದೆ ಮುಚ್ಚುವ ಕೆಲಸವನ್ನು ಕಿರಿಯ ವೈದ್ಯರಿಗೆ ಬಿಟ್ಟು ಮನೆಗೆ ಹೊರಡುವುದು ನನ್ನ ಅಭ್ಯಾಸ. ಅಂದೂ ಗ್ಲೌಸ್ ಕಳಚಿದ್ದೆ. ಪಕ್ಕದಲ್ಲಿ ಉಪಕರಣ ಕೊಡುತ್ತಿದ್ದ ಲೀಲಾ ಸಿಸ್ಟರ್ ಮಾಸ್ಕಿನೊಳಗೇ ನಕ್ಕರು. “ಸಾರ್, ಲೈನ್ ಕ್ಲಿಯರ್ ನಿಮ್ ಹೆಸರಲ್ಲೇ ಇದೆ.”

ನಾಚಿಕೆಯಾಯಿತು. ಮತ್ತೆ ಕೈತೊಳೆದು, ಹೊಸ ಗ್ಲೌಸ್ ಹಾಕಿಕೊಂಡು ನಿಂತೆ. ಹತ್ತು ನಿಮಿಷವೂ ಆಗಿರಲಿಲ್ಲ, ರಕ್ತದೊತ್ತಡ ಕುಸಿಯಿತು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಹಿಂಬದಿಯ ಹೊಲಿಗೆಯೊಂದು ಸೋರುತ್ತಿತ್ತು. ಬೆರಳಿನಿಂದ ಒತ್ತಿ ಹಿಡಿದು ಕೂಡಲೇ ಇನ್ನೆರಡು ಹೊಲಿಗೆ ಹಾಕಿದೆ. ಆ ಹೊತ್ತಿಗೆ ನಾನು ಕಾರಿನಲ್ಲಿದ್ದಿದ್ದರೆ? ಅಂದು ನಾನು ಆಸ್ಪತ್ರೆಯಲ್ಲೇ ಉಳಿದೆ.

ಮರುದಿನ ಉಸಿರಾಟದ ನಳಿಗೆ ತೆಗೆದ ಮೇಲೆ ಮಂಜಪ್ಪ ಆಡಿದ ಮೊದಲ ಮಾತು, “ವಾಪಸ್ ಕೊಟ್ರಾ?”

ಸರೋಜಮ್ಮ ಚೀಟಿ ಬಿಚ್ಚಿದರು. “ಹಿಂದಿರುಗಿಸಿದ್ದೇನೆ” ಎಂದು ಬರೆದೆ. ನನ್ನ ಬದುಕಿನಲ್ಲಿ ಅಷ್ಟು ಖುಷಿಯಿಂದ ಇನ್ನೆಲ್ಲೂ ಸಹಿ ಹಾಕಿಲ್ಲ. ಮಂಜಪ್ಪ ಅಂಗೈಯನ್ನು ಎದೆಯ ಮೇಲಿಟ್ಟು, ಕಣ್ಣು ಮುಚ್ಚಿ, ಗಮನವಿಟ್ಟು ಪರೀಕ್ಷಿಸಿದರು.

“ಸರಿಯಾಗಿ ಓಡ್ತಾ ಇದೆ. ನೀವಿನ್ನು ಮನೆಗೆ ಹೋಗ್ಬಹುದು ಡಾಕ್ಟ್ರೇ.”

ಅಲ್ಲಿಯವರೆಗೆ ರೋಗಿಗಳನ್ನು ಮನೆಗೆ ಕಳಿಸುವವನು ನಾನೇ ಎಂದುಕೊಂಡಿದ್ದೆ. ಅಂದಿನಿಂದ ನಿವೃತ್ತಿಯವರೆಗೆ, ರೋಗಿ ಕಣ್ಣುಬಿಟ್ಟು ಅಪ್ಪಣೆ ಕೊಡದೆ ನಾನು ಮನೆಗೆ ಹೋಗಲಿಲ್ಲ.