ಸೀರೆ ಉಡುವ ಅಣ್ಣ, ಸೀರೆ ಒಲ್ಲದ ತಂಗಿ

ಬನಹಟ್ಟಿಯ ಸೀರೆ ಅಂಗಡಿಯಲ್ಲಿ ದಿನಕ್ಕೆ ಎಷ್ಟು ಸಲ ಸೀರೆ ಉಡುತ್ತೇನೋ ನನಗೇ ಲೆಕ್ಕವಿಲ್ಲ. ಪ್ಯಾಂಟು ಶರ್ಟಿನ ಮೇಲೆಯೇ ನಿರಿಗೆ ಹಿಡಿದು ಸಿಕ್ಕಿಸಿ, ಸೆರಗನ್ನು ಭುಜದ ಮೇಲೆ ಹರಡಿ ಒಂದು ಸುತ್ತು ತಿರುಗಿದರೆ, ಎದುರಿಗೆ ಕೂತ ಗಿರಾಕಿಗಳು ಮಾತು ನಿಲ್ಲಿಸಿ ರೇಟು ಕೇಳುತ್ತಾರೆ. "ನಿಮಗೇನೋ ಛಲೋ ಕಾಣತೈತ್ರಿ, ನನಗ ಹೆಂಗ ಕಾಣತೈತೋ" ಎಂದು ಅನುಮಾನಪಟ್ಟವರೂ ಇದ್ದಾರೆ. ನನ್ನ ಮೀಸೆ ದಪ್ಪ, ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ. ಆದರೂ ಇಳಕಲ್ ಸೀರೆಯ ಸೆರಗು ನನ್ನ ಭುಜದ ಮೇಲೆ ಕೂತಷ್ಟು ಚೆಂದ ಅಂಗಡಿಯ ಗೊಂಬೆಯ ಮೇಲೂ ಕೂರುವುದಿಲ್ಲ. ಈ ವಿಷಯದಲ್ಲಿ ನನಗೆ ವಿನಯವಿಲ್ಲ. ಇಷ್ಟು ವರ್ಷ ಸೀರೆ ಉಟ್ಟರೂ ನಾನು ಗಂಡಸು ಹೌದೋ ಅಲ್ಲವೋ ಎಂದು ಯಾರೂ ಕೇಳಿಲ್ಲ. ನನಗೂ ಆ ಪ್ರಶ್ನೆ ಬಂದಿಲ್ಲ.

ಪ್ರಶ್ನೆ ಬಂದದ್ದು ನನ್ನ ತಂಗಿಯ ವಿಷಯದಲ್ಲಿ. ಅವಳು ಹುಟ್ಟಿದಾಗ ಗಂಡು ಎಂದು ಪೇಡೆ ಹಂಚಿದ್ದರು. ನಮ್ಮೂರು ಚಿಮ್ಮಡದಲ್ಲಿ ಎಲ್ಲರಿಗೂ ಅವಳು ನನ್ನ ತಮ್ಮ. ಬೆಳೆದ ಮೇಲೆ ಮುಧೋಳಕ್ಕೆ ಹೋಗಿ ಪಂಪ್‌ಸೆಟ್ ಮೋಟಾರು ರಿಪೇರಿಯ ಅಂಗಡಿ ಹಾಕಿದಳು. ಹೋದ ವರ್ಷ ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ನನ್ನಲ್ಲಿಗೆ ಬಂದಳು. ಚಹಾ ತರಿಸಿದೆ. ಕಪ್ಪನ್ನು ಕೈಯಲ್ಲಿ ತಿರುಗಿಸುತ್ತ ಹೇಳಿದಳು.

"ಅಣ್ಣಾ, ನಾ ಗಂಡಸಲ್ಲ. ಸಣ್ಣಾಕಿದ್ದಾಗಿಂದನೂ ಹೆಣ್ಣಮಗಳ. ಯಾರ ಮುಂದೂ ಹೇಳಿರಲಿಲ್ಲ."

ಮಾತು ತೋಚದಾಗ ನನ್ನ ಕೈ ತಾನಾಗಿ ಸೀರೆಯ ಕಡೆ ಹೋಗುತ್ತದೆ. ಕಪಾಟಿನಿಂದ ಇದ್ದುದರಲ್ಲೇ ಒಳ್ಳೆಯದೊಂದು ದಾಳಿಂಬೆ ಬಣ್ಣದ ಸೀರೆ ತೆಗೆದು ಅವಳ ಮುಂದೆ ಹಾಸಿದೆ.

"ಉಟ್ಟ ನೋಡು. ನಿರಿಗಿ ನಾ ಹಿಡಿತೇನಿ."

ಅವಳು ಸೀರೆಯನ್ನು ನೋಡಿದಳು, ನನ್ನನ್ನು ನೋಡಿದಳು, ನಗತೊಡಗಿದಳು.

"ನನಗ ಸೀರಿ ಸೇರೂದಿಲ್ಲೋ ಅಣ್ಣಾ."

ಖರೆ ಹೇಳಬೇಕೆಂದರೆ ನನಗೆ ಸಿಟ್ಟು ಬಂತು. ಗಂಡಸಲ್ಲ ಎಂದದ್ದಕ್ಕಲ್ಲ, ಅಂಥ ಸೀರೆಯನ್ನು ಬೇಡ ಎಂದದ್ದಕ್ಕೆ. "ಮತ್ತ ಹೆಣ್ಣಮಗಳು ಅಂದಿ?" ಎಂದೆ.

"ಮೋಟಾರ್ ಬಿಚ್ಚಾಕ ಪ್ಯಾಂಟು ಅಂಗೀನ ಛಲೋ. ನನಗ ಸೇರತೈತಿ, ಹಾಕ್ಕೋತೇನಿ. ನೀ ದಿನಾ ಸೀರಿ ಉಡತಿ. ಉಟ್ಟದ್ದು ನೋಡಿ ಹೇಳೂದಾದ್ರ ನಮ್ಮವ್ವನ ಹಿರೇ ಮಗಳು ನೀನ ಆಗ್ತಿ."

ಚಹಾ ನನ್ನ ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಸುಧಾರಿಸಿಕೊಳ್ಳುವಷ್ಟರಲ್ಲಿ ಅವಳು ಸೀರೆಯನ್ನು ಮಡಚಿಟ್ಟಿದ್ದಳು, ಅದೂ ಉಲ್ಟಾ. ಮತ್ತೆ ನಾನೇ ಮಡಚಬೇಕಾಯಿತು. ಮಡಚುವಾಗ ಯೋಚಿಸಿದೆ: ನಾನು ಸೀರೆ ಬಿಚ್ಚಿ ಕಪಾಟಿಗೆ ಸೇರಿಸಿದರೆ ಮುಗಿಯಿತು, ಅದನ್ನು ಉಟ್ಟದ್ದು ಮನೆಗೆ ಹೋಗುವಷ್ಟರಲ್ಲಿ ಮರೆತಿರುತ್ತದೆ. ಅವಳು ಹೇಳಿದ್ದು ಹಾಗೆ ಉಟ್ಟು ಬಿಚ್ಚುವ ವಿಷಯವಲ್ಲ. ಯಾವ ಬಟ್ಟೆಯಲ್ಲಿದ್ದರೂ ಅವಳು ಅವಳೇ.

ಹೋಗುವಾಗ ಬಾಗಿಲಲ್ಲಿ ನಿಂತು, "ಅವ್ವ ನನ್ನ ಮಗಳು ಅಂತ ತಿಳಕೊಂಡ್ರ ಸಾಕು. ಮಂದಿ ಏನರ ಅನ್ಲಿ" ಎಂದಳು.

ಅವ್ವನಿಗೆ ಅವಳೇ ಹೇಳಿದಳು. ನಾನು ಧೈರ್ಯಕ್ಕೆಂದು ಪಕ್ಕದಲ್ಲಿ ಕೂತಿದ್ದೆ, ಅವಳಿಗಿಂತ ಹೆಚ್ಚು ಬೆವರಿದ್ದೆ. ಅವ್ವ ಎಲ್ಲ ಕೇಳಿ ಕುಡುಗೋಲು ತೆಗೆದುಕೊಂಡು ಹೊಲಕ್ಕೆ ನಡೆದಳು. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ತಂಗಿ ಮನೆಗೆ ಬಂದಾಗೆಲ್ಲ ಅವ್ವ ರೊಟ್ಟಿ ಬಡಿದು ಹಾಕಿದಳು, ಬೆಣ್ಣೆ ಹಾಕಿದಳು, ಆ ಮಾತು ಮಾತ್ರ ಎತ್ತಲಿಲ್ಲ. ತಂಗಿಯೂ ಮತ್ತೆ ಕೇಳಲಿಲ್ಲ.

ಈ ಸಲ ನಾಗರ ಪಂಚಮಿಗೆ ತಂಗಿ ಮುಧೋಳದಿಂದ ಬಂದಿದ್ದಳು. ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಅನಗವಾಡಿಯಿಂದ ಬಂದಿದ್ದಳು. ಸುದ್ದಿ ಅವಳ ಕಿವಿಗೂ ಬಿದ್ದಿತ್ತು. ಉಂಡಿ ತಿನ್ನುತ್ತಲೇ ತಪ್ಪನ್ನು ನನ್ನ ತಲೆಗೆ ಕಟ್ಟಿದಳು.

"ಇಂವ ದಿನಾ ಸೀರಿ ಉಡೂದು ನೋಡೇ ಅದರ ತಲಿ ಕೆಟ್ಟೈತಿ."

"ಹಂಗಿದ್ರ ನನ್ನ ಮೀಸಿ ಯಾಕ ಇನ್ನೂ ಉದರಿಲ್ಲ ದೊಡ್ಡವ್ವ?" ಎಂದೆ. ಅವಳು ಇನ್ನೊಂದು ಉಂಡಿ ತೆಗೆದುಕೊಂಡಳು.

ದೊಡ್ಡವ್ವ ಹೊರಡುವಾಗ ಅವ್ವ ಅವಳಿಗೆ ಉಡಿ ತುಂಬಿದಳು. ಹಬ್ಬಕ್ಕೆ ಬಂದ ಹೆಣ್ಣುಮಕ್ಕಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಎಲೆ ಅಡಿಕೆ ಹಾಕಿ ಕಳಿಸುವುದು ನಮ್ಮ ಕಡೆಯ ಪದ್ಧತಿ. ನಮ್ಮ ಮನೆಯಲ್ಲಿ ಮದುವೆಯಾಗದವರಿಗೂ ತುಂಬುತ್ತಾರೆ. ತಂಗಿ ಅದನ್ನು ನೋಡಲಾರದೆ ಬೈಕಿನ ಚಾವಿ ಹುಡುಕುವ ನೆಪದಲ್ಲಿ ಬಾಗಿಲ ಕಡೆ ಹೋದಳು.

"ಎಲ್ಲಿ ಹೊಂಟಿ? ನಿಲ್ಲು" ಎಂದಳು ಅವ್ವ. ಅಕ್ಕಿಯ ಮೊರವನ್ನು ಎತ್ತಿಕೊಂಡು ಅವಳ ಮುಂದೆ ಬಂದು ನಿಂತಳು. "ಮನಿ ಹೆಣ್ಣಮಗಳು ಹಬ್ಬದಾಗ ಬರೀ ಉಡೀಲೆ ಹೊಕ್ಕಾಳೇನು?"

ತಂಗಿ ತನ್ನ ಅಂಗಿಯನ್ನು ನೋಡಿಕೊಂಡಳು. "ಸೆರಗಿಲ್ಲವ್ವ" ಎಂದಳು.

ನಾನು ಅವ್ವನ ಸೀರೆ ಟ್ರಂಕಿನ ಕಡೆ ಓಡಿದೆ. ಅವ್ವ ತಿರುಗಿಯೂ ನೋಡದೆ ಗದರಿದಳು. "ನೀ ಸುಮ್ಮ ಕೂಡೋ. ಎಲ್ಲಾದಕ್ಕೂ ಸೀರಿ ಹಿಡಕೊಂಡ ಬರತಾನ."

"ಅಂಗಿ ತೊಟ್ಟವರಿಗೆ ಎಂಥಾ ಉಡಿ ಬೇ?" ಎಂದಳು ದೊಡ್ಡವ್ವ.

"ಕಬ್ಬಿನ ಗರಿ ಕೈ ಕೊಯ್ತಾವಂತ ನಾನೂ ಸೀರಿ ಮ್ಯಾಲ ಗಂಡನ ಅಂಗಿ ಹಾಕ್ಕೊಂಡ ಹೊಲಕ್ಕ ಹೊಕ್ಕೇನಿ. ಹಂಗಂದ್ರ ನಿನ್ನ ಮುಂದ ಇಷ್ಟೊತ್ತು ಕುಂತಾಕಿ ನಾನೂ ಗಂಡಸೇನ ಅಕ್ಕಾ?" ಎಂದು ಅವ್ವ ತಂಗಿಯ ಕಡೆ ತಿರುಗಿ, "ಅಂಗಿ ಚುಂಗ ಹಿಡಿ" ಎಂದಳು.

ತಂಗಿ ಅಂಗಿಯ ತುದಿಯನ್ನು ಎರಡೂ ಕೈಯಿಂದ ಹಿಡಿದಳು. ಅವ್ವ ಬೊಗಸೆ ಬೊಗಸೆ ಅಕ್ಕಿ ಸುರಿದಳು. ನನ್ನ ಕಣ್ಣು ತುಂಬಿ ಬಂತು, ದೊಡ್ಡವ್ವ ನೋಡಬಾರದೆಂದು ಗೋಡೆಯ ಕಡೆ ತಿರುಗಿದೆ.

ಉಡಿ ತುಂಬಿದ ಮೇಲೆ ಬೈಕು ಹೊಡೆಯುವವರು ಯಾರು? ಚೀಲಕ್ಕೆ ಸುರಿದುಕೊ ಎಂದರೆ ತಂಗಿ ಕೇಳಲಿಲ್ಲ. ಕೊನೆಗೆ ನಾನೇ ಹೊಡೆದೆ. ದಾರಿಯಲ್ಲಿ ಒಂದೇ ಒಂದು ಕಾಳು ಬೀಳದಂತೆ ಅಂಗಿಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಮುಧೋಳ ಮುಟ್ಟುವವರೆಗೂ ನನ್ನ ಹಿಂದೆ ಕೂತಿದ್ದಳು.