ಕಂಬಳಿಯ ನೀಲಿ ತೇಪೆ

ಮೊನ್ನೆ ಅಂಚೆಯಲ್ಲಿ ಒಂದು ಪಿಎಚ್.ಡಿ. ಪ್ರಬಂಧ ಬಂತು. ಪರೀಕ್ಷಕಿ ನಾನು. ಇಂಥವನ್ನು ನಾನು ಮೊದಲು ಕೈಯಲ್ಲಿ ತೂಗಿ ನೋಡುತ್ತೇನೆ, ಆಮೇಲೆ ಚಿತ್ರಗಳನ್ನು ನೋಡುತ್ತೇನೆ, ಓದುವುದು ಕೊನೆಗೆ. ಇದನ್ನು ನೀವು ಯಾರಿಗೂ ಹೇಳಬೇಡಿ. ಚಿತ್ರಗಳ ನಡುವೆ ಒಂದು ಕರಿ ಕಂಬಳಿ ಇತ್ತು. ಅದರ ಮೂಲೆಯಲ್ಲಿ ಅಂಗೈ ಅಗಲದ ನೀಲಿ ಜೀನ್ಸ್ ತೇಪೆ, ಸುತ್ತ ಸೊಟ್ಟಸೊಟ್ಟ ಹೊಲಿಗೆ. ಕೆಳಗೆ, ‘ಈ ವಕ್ರ ಹೊಲಿಗೆ ಗುಮ್ಮಘಟ್ಟ ಸೀಮೆಯ ಕುರಿಗಾರ ಹೆಂಗಸರ ವಿಶಿಷ್ಟ ಪರಂಪರೆ’ ಎಂದು ಬರೆದಿತ್ತು. ಅಯ್ಯೋ ದೇವರೇ! ಆ ಪರಂಪರೆ ಹುಟ್ಟಿದ್ದು ನನ್ನ ಕೈಯಲ್ಲಿ.

ಆಗ ನಾನೂ ಪಿಎಚ್.ಡಿ. ಮಾಡುತ್ತಿದ್ದೆ. ವಿಷಯ, ಕುರಿಗಾರರ ಮನೆಯ ಹಳೆಯ ವಸ್ತುಗಳು. ಗುಮ್ಮಘಟ್ಟದ ಹತ್ತಿರ ಹನುಮಕ್ಕನೆಂಬ ವಿಧವೆಯ ಮನೆಯಲ್ಲಿ ಆರು ತಿಂಗಳು ಉಳಿದೆ. ಆಕೆಯ ಒಬ್ಬಳೇ ಮಗಳು ಮಂಜುಳಾ ದಿನಾ ಶೇರ್ ಆಟೊ ಹಿಡಿದು ರಾಯದುರ್ಗಕ್ಕೆ ಹೋಗಿ ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿಯುತ್ತಿದ್ದಳು. ಸಂಜೆ ಬಂದರೆ ಬೆರಳೆಲ್ಲ ನೀಲಿ. ಅದರ ಬಗ್ಗೆ ನಾನು ಅವಳನ್ನು ಒಂದು ದಿನವೂ ಕೇಳಲಿಲ್ಲ. ಜೀನ್ಸ್ ನನ್ನ ಅಧ್ಯಾಯಗಳಲ್ಲಿ ಇರಲಿಲ್ಲ.

ನನಗೆ ಬೇಕಾಗಿದ್ದದ್ದು ಕಂಬಳಿ. ಊರಲ್ಲಿ ಮಗ್ಗದ ಕುಣಿಗಳನ್ನು ಮುಚ್ಚಿ, ಅವುಗಳ ಮೇಲೆಯೇ ಹೊಲಿಗೆ ಯಂತ್ರ ಇಟ್ಟಿದ್ದರು. “ಅಪ್ಪಟವಾದದ್ದು ಒಂದಾದರೂ ತೋರಿಸಮ್ಮಾ, ಇಲ್ಲದಿದ್ದರೆ ಈ ಅಧ್ಯಾಯ ಕೈಬಿಡು” ಎಂದಿದ್ದರು ನನ್ನ ಮಾರ್ಗದರ್ಶಕರು. ಅಪ್ಪಟವಾದದ್ದು ಒಂದೇ ಒಂದು ಇತ್ತು, ಹನುಮಕ್ಕನ ಗಂಡ ಹೊದೆಯುತ್ತಿದ್ದದ್ದು. ಆದರೆ ಅದರ ಮೂಲೆಯಲ್ಲಿ ಆ ನೀಲಿ ತೇಪೆ! ಹಾಲಿನಲ್ಲಿ ನೊಣ ಕಂಡಷ್ಟು ಸಂಕಟವಾಗುತ್ತಿತ್ತು ನನಗೆ.

ಮಂಜುಳಾಳ ಮದುವೆಯ ಹಿಂದಿನ ದಿನ ಬೆಳಿಗ್ಗೆ ಹನುಮಕ್ಕ ಕಂಬಳಿ ಕೊಡವಿ ಕಟ್ಟೆಯ ಮೇಲೆ ಹಾಸಿದಳು. ಮರುದಿನ ಅದನ್ನೇ ಗದ್ದುಗೆ ಮಾಡಿ ಮದುಮಕ್ಕಳನ್ನು ಕೂರಿಸಬೇಕು. “ಅವರಪ್ಪ ಇಲ್ಲ. ಅವನ ಕಂಬಳಿನಾರ ಇರ್ಲಿ ಮಗಳ ಮದಿವಿಗೆ” ಎಂದು ಹೇಳಿ ಕುರಿಹಟ್ಟಿಯ ಕಡೆ ಹೋದಳು. ಬಿಸಿಲು ಚೆನ್ನಾಗಿತ್ತು. ಕ್ಯಾಮೆರಾ ಇತ್ತು. ಸಣ್ಣ ಕತ್ತರಿಯೂ ಇತ್ತು. ‘ನಂತರದ ಸೇರ್ಪಡೆಯನ್ನು ಎಚ್ಚರಿಕೆಯಿಂದ ತೆಗೆಯಲಾಯಿತು’ ಎಂದು ಮೊದಲು ನೋಟ್ ಪುಸ್ತಕದಲ್ಲಿ ಬರೆದೆ, ಆಮೇಲೆ ತೆಗೆದೆ. ತೇಪೆಯ ಕೆಳಗೆ ಅಪ್ಪಟ ಸಂಸ್ಕೃತಿಯೇನೂ ಸಿಗಲಿಲ್ಲ. ಕೈ ತೂರುವಷ್ಟು ತೂತು ಸಿಕ್ಕಿತು.

ಹನುಮಕ್ಕ ಬಂದಳು. ಕಂಬಳಿ ನೋಡಿದಳು, ನನ್ನನ್ನು ನೋಡಿದಳು.

“ಏನ್ ಮಾಡಿದಿ ಯವ್ವಾ?”

“ಫೋಟೋ…”

“ತೂತಿನ ಫೋಟೋ ತಗಿಯಾಕ ಇಷ್ಟು ದೂರ ಬಂದಿದ್ಯಾ?”

ಆಮೇಲೆ ಕಟ್ಟೆಯ ಮೇಲೆ ಕುಸಿದು ಅತ್ತಳು. ಗಂಡ ಕುರಿ ಹೊಡೆದುಕೊಂಡು ವಲಸೆ ಹೋದಾಗ ಜಾಲಿ ಮುಳ್ಳಿಗೆ ಸಿಕ್ಕಿ ಕಂಬಳಿ ಹರಿದಿತ್ತಂತೆ. ಮಂಜುಳಾ ಕೆಲಸ ಕಲಿತ ಮೊದಲ ವಾರದಲ್ಲೇ ಆ ತೇಪೆ ಹಾಕಿದ್ದಳಂತೆ. ಸಾಯುವ ತನಕ ಅವನು ಅದನ್ನು ಬಂದವರಿಗೆಲ್ಲ ತೋರಿಸುತ್ತಿದ್ದನಂತೆ. ಇದೆಲ್ಲ ನನಗೆ ಆ ದಿನ ಗೊತ್ತಾಯಿತು. ಆರು ತಿಂಗಳು ಅದೇ ಮನೆಯಲ್ಲಿ ರೊಟ್ಟಿ ತಿಂದಿದ್ದೆ. ನಾಚಿಕೆಯಿಂದ ಸತ್ತುಹೋದೆ.

ತೂತಿರುವ ಕಂಬಳಿಯ ಮೇಲೆ ಮದುಮಕ್ಕಳನ್ನು ಕೂರಿಸುವಂತಿಲ್ಲ. ಗದ್ದುಗೆಯ ಕಂಬಳಿಗೆ ಮನೆಯ ಮಗಳನ್ನು ಬಿಟ್ಟು ಬೇರೆಯವರು ಸೂಜಿ ಹಾಕುವಂತಿಲ್ಲ. ಮನೆಯ ಮಗಳು ಎರಡೂ ಕೈಗೆ ಮದರಂಗಿ ಹಚ್ಚಿಸಿಕೊಂಡು ಕೂತಿದ್ದಳು. ಹನುಮಕ್ಕ ಮುಖ ಒರೆಸಿಕೊಂಡು ಎದ್ದಳು. ಗೋಣಿಚೀಲ ಹೊಲಿಯುವ ದಬ್ಬಣ ತಂದು, ನಾನು ಬಿಚ್ಚಿದ ತೇಪೆಯ ಜೊತೆ ನನ್ನ ಮುಂದೆ ಇಟ್ಟಳು.

“ಕುಂದ್ರು. ಇವತ್ತಿಂದ ನೀನು ದೊಡ್ಡ ಮಗಳು. ಹೊಲಿ.”

ನಾನು ಅಂಗಿಗೆ ಗುಂಡಿ ಹಚ್ಚಿದವಳೂ ಅಲ್ಲ. ಮಂಜುಳಾ ಮದರಂಗಿಯ ಕೈಗಳನ್ನು ಮೇಲೆತ್ತಿಕೊಂಡೇ ಎದುರಿಗೆ ಕೂತು ಹೇಳಿಕೊಟ್ಟಳು. “ಅಕ್ಕಾ, ಕೆಳಗಿಂದ ಮ್ಯಾಲಕ್ಕ ತಗೀರಿ. ಅಯ್ಯ, ಅದು ನಿಮ್ಮ ಸೀರಿ, ಸೀರಿ ಬಿಡ್ರಿ!” ಮಧ್ಯಾಹ್ನವೆಲ್ಲ ಹೊಲಿದೆ. ಬೆರಳಿಗೆ ನಾಲ್ಕು ಸಲ ಚುಚ್ಚಿಕೊಂಡೆ. “ನಮ್ ಸೂಪರ್‌ವೈಜರ್ ಇದ್ದಿದ್ರ ನಿಮ್ಮನ್ನ ಇವತ್ತೇ ಮನಿಗೆ ಕಳಸ್ತಿದ್ದ” ಎಂದು ಮಂಜುಳಾ ನಕ್ಕಳು. ಹನುಮಕ್ಕ ಮಾತ್ರ ನಗಲಿಲ್ಲ. ಮುಗಿದ ಮೇಲೆ ಹೊಲಿಗೆಯನ್ನು ಬೆರಳಿಂದ ಎಳೆದು ನೋಡಿ, “ಗಟ್ಟಿ ಐತಿ” ಎಂದಳು. ಮರುದಿನ ಮದುಮಕ್ಕಳು ಅದರ ಮೇಲೇ ಕೂತರು.

ನನ್ನ ಪ್ರಬಂಧದಲ್ಲಿ ತೇಪೆಯೂ ಇಲ್ಲ, ತೂತೂ ಇಲ್ಲ. ಮೂಲೆ ಮಡಚಿಟ್ಟು ಚಿತ್ರ ತೆಗೆದಿದ್ದೆ. ‘ದೊಡ್ಡ ಮಗಳು’ ಎಂದದ್ದನ್ನು ‘ತಾತ್ಕಾಲಿಕ ನೆಂಟಸ್ತಿಕೆ’ ಎಂದು ಅಡಿಟಿಪ್ಪಣಿಗೆ ಹಾಕಿದೆ. ಪದವಿ ಬಂತು, ಕೆಲಸ ಬಂತು. ಬರುತ್ತೇನೆಂದು ಹೇಳಿ ಬಂದಿದ್ದೆ. ಹೋಗಲಿಲ್ಲ. ಈ ವರ್ಷ, ಮುಂದಿನ ವರ್ಷ ಎನ್ನುತ್ತಲೇ ಕೂದಲು ಬೆಳ್ಳಗಾಯಿತು.

ಮೊನ್ನೆ ಆ ಚಿತ್ರದ ಪಕ್ಕದಲ್ಲಿ ಕೆಂಪು ಪೆನ್ಸಿಲಿನಿಂದ ‘ಪರಂಪರೆಗೆ ಆಧಾರವೇನು?’ ಎಂದು ಬರೆದು ಪುಟ ತಿರುವಿದೆ. ಆಧಾರ ಅಲ್ಲೇ ಇತ್ತು. ಸಂಶೋಧಕಿ ಕಂಬಳಿಯ ಒಡತಿಯ ಮಾತನ್ನು ಇದ್ದ ಹಾಗೇ ಇಳಿಸಿದ್ದಳು. ಪಾಪ, ನನಗಿಂತ ಒಳ್ಳೆಯ ಸಂಶೋಧಕಿ.

‘ಇದನ್ನು ಹೊಲಿದವರು ಯಾರು?’

‘ನಮ್ ದೊಡ್ಡ ಮಗಳ್ರಿ.’

‘ಅವರನ್ನು ನೋಡಬಹುದೇ?’

‘ಅಕಿ ಓದಾಕ ಹೋದಾಕಿ. ಬರ್ತೀನಿ ಅಂದಿದ್ಲು. ಬರಂಗಿಲ್ಲ ಬಿಡ್ರಿ.’

ಹನುಮಕ್ಕ ಇನ್ನೂ ಇದ್ದಾಳೆ. ಪೆನ್ಸಿಲಿನ ಗೆರೆಯನ್ನು ರಬ್ಬರಿನಿಂದ ಉಜ್ಜಿದೆ. ಬಹಳ ಹೊತ್ತು ಉಜ್ಜಿದೆ. ಆಮೇಲೆ ವರದಿ ಬರೆದೆ. ಪದವಿ ಕೊಡಬಹುದು. ತಿದ್ದುಪಡಿ ಒಂದೇ: ‘ದೊಡ್ಡ ಮಗಳು ಬರುವುದಿಲ್ಲ ಎಂಬ ಹೇಳಿಕೆಯನ್ನು ಇನ್ನೊಮ್ಮೆ ಪರಿಶೀಲಿಸತಕ್ಕದ್ದು.’ ಸಹಿ ಹಾಕಿ, ರಾಯದುರ್ಗಕ್ಕೆ ಬೆಳಗಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಲು ಹೊರಟೆ.