ಅತ್ತೆ ತೆಳ್ಳಗಾದ ಬಗೆ

ರಮಜಾನ್ ತಿಂಗಳಲ್ಲಿ ಕೌಸರ ಮೂರು ಗಂಟೆಗೇ ಏಳುತ್ತಾಳೆ. ನಲ್ಲಿ ಬಂದಿದ್ದರೆ ಕೊಡ ತುಂಬಬೇಕು. ರೊಟ್ಟಿ ಬಡಿದು, ಪಲ್ಯ ಮಾಡಿ, ಹಾಲು ಕಾಯಿಸಬೇಕು. ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಅತ್ತೆಯ ವಜೂಗೆ ನೀರು ಬಿಸಿಯಾಗಬೇಕು. ಗಂಡನನ್ನು ಎರಡು ಸಲ, ಮೈದುನನನ್ನು ಮೂರು ಸಲ ಎಬ್ಬಿಸಬೇಕು. ಎಲ್ಲರೂ ಉಂಡೆದ್ದ ಮೇಲೆ, ಅಜಾನ್ ಆಗುವುದರೊಳಗೆ, ನಿಂತುಕೊಂಡೇ ನಾಲ್ಕು ತುತ್ತು ನುಂಗಬೇಕು. ಆಮೇಲೆ ಪಾತ್ರೆ, ಅಂಗಳ, ಬಚ್ಚಲು.

ಮೈದುನನ ಹೆಂಡತಿ ಫರ್ಹತಳಿಗೆ ಆ ಹೊತ್ತಿನಲ್ಲಿ ಒಂದೇ ಕೆಲಸ. ಡಬ್ಬಿಯಲ್ಲಿ ಎರಡು ಚಮಚ ಪುಡಿ, ನೀರು ಹಾಕಿ ಗಡಗಡ ಅಲ್ಲಾಡಿಸಿ, ಗುಲಾಬಿ ನೊರೆಯೆದ್ದ ಲೋಟವನ್ನು ಅತ್ತೆಯ ಕೈಗಿಡುವುದು.

"ಇದನ್ನ ಕುಡದ್ರ ಸಂಜಿತನಕಾ ಹಸಿವಿಲ್ಲ ನೋಡ್ರಿ ಅಮ್ಮಿ."

ಅತ್ತೆ ರಮಜಾನಬಿ ಕುಡಿದು, "ನೂರು ವರ್ಷ ಬಾಳವ್ವಾ" ಅನ್ನುತ್ತಾರೆ. ಮದುವೆಯಾದ ಹದಿನಾರು ವರ್ಷದಲ್ಲಿ ಕೌಸರಳ ಒಂದು ರೊಟ್ಟಿಗೂ ಆ ಮಾತು ಬಂದಿರಲಿಲ್ಲ.

ತೂಕ ಇಳಿಸುವ ಆ ಪುಡಿ ಅಂಗಡಿಯಲ್ಲಿ ಸಿಗುವುದಿಲ್ಲ. ಒಬ್ಬಳು ಇಬ್ಬರನ್ನು ಸೇರಿಸಬೇಕು, ಆ ಇಬ್ಬರು ನಾಲ್ವರನ್ನು. ಫರ್ಹತ ಸೇರಿಸುತ್ತಾ ಸೇರಿಸುತ್ತಾ ಶಿಗ್ಗಾಂವಿ, ಹಾನಗಲ್ಲಿನ ಮೀಟಿಂಗುಗಳಿಗೆ ಕಾರಿನಲ್ಲಿ ಹೋಗುವಷ್ಟಾಗಿದ್ದಳು. ಸವಣೂರಿನ ಈ ಮನೆಗೆ ಬರುವ ಹೆಂಗಸರು ಅವಳನ್ನು ಮೇಡಮ್ ಎನ್ನುತ್ತಿದ್ದರು. ಕೌಸರಳತ್ತ ತಿರುಗಿದರೆ, "ಚಾ ತರ್ರಿ." ಒಮ್ಮೆ ಕಸ ಗುಡಿಸುವಾಗ ಫರ್ಹತಳ ಪುಡಿ ಕಂಪನಿಯ ಬ್ಯಾಡ್ಜನ್ನು ಎದೆಗೆ ಚುಚ್ಚಿಕೊಂಡು ಕನ್ನಡಿಯಲ್ಲಿ ನೋಡಿಕೊಂಡ ಕೌಸರ, ಕಾದ ಹಂಚು ಮುಟ್ಟಿದವಳಂತೆ ಕಿತ್ತಿಟ್ಟಿದ್ದಳು.

"ಡಾಕ್ಟರಗ ಗೊತ್ತಿಲ್ಲದ್ದು ನಿನ್ನ ಡಬ್ಬಿಗೆ ಹೆಂಗ ಗೊತ್ತಾತಬೇ?" ಎಂದು ಒಂದು ದಿನ ಎಲ್ಲರೆದುರೇ ಕೇಳಿದಳು.

"ಭಾಬಿಗೆ ಹೊಟ್ಟಿಕಿಚ್ಚು. ಅದಕ್ಕೂ ನಮ್ಮ ಕಡೆ ಪುಡಿ ಐತಿ, ಕಲಸಿ ಕೊಡ್ಲೇನ?" ಎಂದಳು ಫರ್ಹತ. ಬಂದವರೆಲ್ಲ ನಕ್ಕರು. ಅತ್ತೆಯೂ ನಕ್ಕರು.

ಅತ್ತೆ ಎರಡು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದಿದ್ದರು. ಅದೇ ಫರ್ಹತಳ ದೊಡ್ಡ ಸಾಕ್ಷಿ. ಶುಕ್ರವಾರ ಇಪ್ಪತ್ತು ಹೆಂಗಸರಿಗೆ ಇಫ್ತಾರ್, ಎಲ್ಲರ ಮುಂದೆ ಅತ್ತೆಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುವುದು ಎಂದು ಗೊತ್ತಾಯಿತು. ಅಡುಗೆ ಕೌಸರಳದು. ಅತ್ತೆಯ ಸಡಿಲಾದ ಕುಪ್ಪಸಕ್ಕೆ ಹೊಲಿಗೆ ಹಾಕಿದವಳೂ ಕೌಸರಳೇ.

ಆ ಶುಕ್ರವಾರ ನಸುಕಿನಲ್ಲಿ ಬಚ್ಚಲು ತೊಳೆಯುವಾಗ ಮೋರಿಯ ಬಾಯಿಗೆ ಇರುವೆ ಸಾಲುಗಟ್ಟಿದ್ದವು. ನಿನ್ನೆಯೂ ಇದ್ದವು, ಶರಬತ್ತು ಚೆಲ್ಲಿರಬೇಕೆಂದುಕೊಂಡಿದ್ದಳು. ಈಗ ಕೈಯ ಪೊರಕೆ ನಿಂತಿತು. ಹುಲಗೂರಿನ ತವರಿನಲ್ಲಿ ಅಪ್ಪನ ಸಕ್ಕರೆ ಕಾಯಿಲೆ ಮೊದಲು ಗೊತ್ತಾದದ್ದು ಹೀಗೆಯೇ, ಮೂತ್ರಕ್ಕೆ ಇರುವೆ ಮುತ್ತಿದ್ದು ಕಂಡು, ಬಚ್ಚಲು ತೊಳೆಯುತ್ತಿದ್ದ ಅವ್ವನಿಗೆ.

ಅತ್ತೆಯ ದಿಂಬಿನಡಿ ಕೈಹಾಕಿದಳು. ಡಾಕ್ಟರು ಕೊಟ್ಟ ಸಕ್ಕರೆ ಕಾಯಿಲೆಯ ಗುಳಿಗೆಗಳು ಹಾಳೆ ಹಾಳೆಯಾಗಿ ಹಾಗೇ ಇದ್ದವು.

"ಗುಳಿಗಿ ತಗೊಂಡ್ರ ಪುಡಿ ಹತ್ತೂದಿಲ್ಲಂತ, ಫರ್ಹತ ಹೇಳ್ಯಾಳ," ಎಂದರು ಅತ್ತೆ, ಒಣಗಿದ ತುಟಿಯನ್ನು ನಾಲಿಗೆಯಿಂದ ಸವರುತ್ತಾ.

"ದವಾಖಾನಿಗೆ ಹೋಗಿ ಬೆರಳು ಚುಚ್ಚಿ ನೋಡಸೂಣ ಬರ್ರಿ."

"ರಕ್ತ ತಗದ್ರ ರೋಜಾದ ಉಪಾಸ ಮುರೀತೈತಿ. ಹಬ್ಬ ಆಗ್ಲಿ. ಆಕಿ ಮುಂದ ಬರಾಕತ್ತಾಳ, ನಿನಗ ನೋಡಾಕ ಆಗವಲ್ದು."

ಕೌಸರ ಗುಳಿಗೆಗಳನ್ನು ದಿಂಬಿನಡಿಗೇ ಇಟ್ಟು ಅಡುಗೆಮನೆಗೆ ಹೋದಳು.

ಮಧ್ಯಾಹ್ನ ಗಂಡ ವೀಳ್ಯದ ಎಲೆಪೇಟೆಯಲ್ಲಿದ್ದ. ಫರ್ಹತ ತೂಕದ ಯಂತ್ರ ತರಲು ಶಿಗ್ಗಾಂವಿಗೆ ಹೋಗಿದ್ದಳು. ಒಳಗೆ ಅತ್ತೆ ಮಂಕಾಗಿ ಮಲಗಿದ್ದರು. ಕೌಸರ ಭಜಿ ಹಿಟ್ಟು ಕಲಸುತ್ತಾ ಸಂಜೆಯನ್ನು ಕಣ್ಣಮುಂದೆ ಕಟ್ಟಿಕೊಂಡಳು. ತಾನು ಏನೂ ಮಾಡಬೇಕಿಲ್ಲ, ಸುಮ್ಮನಿದ್ದರೆ ಸಾಕು. ಯಂತ್ರ ಹತ್ತುವಾಗ ಅತ್ತೆ ಕುಸಿಯುತ್ತಾರೆ. ಇಪ್ಪತ್ತು ಹೆಂಗಸರು ಮೇಡಮ್ಮಳ ಮುಖ ನೋಡುತ್ತಾರೆ. ಆ ಚಿತ್ರ ಎಷ್ಟು ರುಚಿಯಾಗಿತ್ತೆಂದರೆ, ಮೊದಲಿನಿಂದ ಮತ್ತೊಮ್ಮೆ ಕಟ್ಟಿಕೊಂಡಳು. ಮೂರನೆಯ ಸಲ ಕಟ್ಟುವಾಗ ನೆಲಕ್ಕೆ ಬಿದ್ದವರ ಮುಖವೂ ಕಂಡಿತು.

ಕರೆದೊಯ್ದರೆ ಹೊಟ್ಟೆಕಿಚ್ಚಿಗೆ ಇಫ್ತಾರ್ ಕೆಡಿಸಿದಳು ಎನ್ನುತ್ತಾರೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅತ್ತೆ ಗುಣವಾದರೆ ಪುಡಿಯ ಹೆಸರನ್ನೇ ಹೇಳಿಯಾರು, ಅದೂ ಗೊತ್ತಿತ್ತು.

ಎಣ್ಣೆ ಕಾದಿತ್ತು. ಕೌಸರ ಗ್ಯಾಸ್ ಆರಿಸಿ, ಹಿಟ್ಟಿನ ಕೈ ತೊಳೆದು, ಓಣಿಯ ರಫೀಕನ ಆಟೋಗೆ ಫೋನ್ ಮಾಡಿದಳು. ಬುರ್ಖಾ ಹಾಕಿಕೊಂಡು ಅತ್ತೆಯ ಭುಜ ಹಿಡಿದು ಎಬ್ಬಿಸಿದಳು.

"ಏಳ್ರಿ. ರೋಜಾ ಮುರದ್ರ ಆ ಗುನ್ಹೆ ನನ್ನ ಮ್ಯಾಲಿರ್ಲಿ."